ಗ್ರೆನಡಾ ಟು ಟ್ರಿನಿಡಾಡ್, ರಾತ್ರಿ ಪಾಳಿ

ಕೆರಿಬಿಯನ್ ಸಮುದ್ರದಲ್ಲಿ ನಮ್ಮ ಹಾಯಿ ದೋಣಿ ಪಯಣ: ಸಂಜೆ ಗ್ರೆನಡಾ ದ್ವೀಪದ ಪ್ರಿಕ್ಲಿ ಬೇನಲ್ಲಿ ಆಂಕರ್ ಎತ್ತಿದ್ವಿ, ಬೆಳಿಗ್ಗೆ ಟ್ರಿನಿಡಾಡ್‌ನ ಚಾಗುವಾರಾಮಸ್ ಬಂದರು. ಸುಮಾರು 80 ನಾಟಿಕಲ್ ಮೈಲಿ ಅಷ್ಟೇ, ಆದ್ರೆ ಹಾಯಿ ದೋಣಿ ಗಂಟೆಗೆ ಐದಾರು ಮೈಲಿ ಹೋದ್ರೆ ಅದೇ ಹೆಚ್ಚು, ಹಗಲಲ್ಲಿ ಹೊರಟ್ರೆ ಕತ್ತಲಲ್ಲಿ ಬಂದರಿಗೆ ನುಗ್ಗಬೇಕಾಗುತ್ತೆ, ಅದಕ್ಕೇ ಸುಮಾರು ಜನ ಈ ದಾರೀನ ರಾತ್ರೀನೇ ದಾಟೋದು. ಜೂನ್ ಬಂತಂದ್ರೆ ಹರಿಕೇನ್ ಸೀಸನ್ ಬೇರೆ, ಟ್ರಿನಿಡಾಡ್ ಅಷ್ಟು ದಕ್ಷಿಣಕ್ಕಿರೋದ್ರಿಂದ ಅಲ್ಲಿಗೆ ಚಂಡಮಾರುತ ಬರೋದು ಅಪರೂಪ, ಅದಕ್ಕೇ ಅತ್ತ ಹೊರಟಿದ್ದು.

ಮೂರ್ಮೂರು ಗಂಟೆ ಪಾಳಿ. ಇವ್ರು ಕೆಳಗೆ ಮಲಗಿದ್ರು, ನಾನೊಬ್ಳೇ ಮೇಲೆ, ಲೈಫ್ ಜಾಕೆಟ್ ಹಾಕ್ಕೊಂಡು ಬೋಟಿಗೆ ಕ್ಲಿಪ್ ಮಾಡ್ಕೊಂಡು. ಎಡಗಡೆಯಿಂದ ಒಂದೇ ಸಮ ಪೂರ್ವದ ಗಾಳಿ, ಕೆಳಗೆ ಪ್ರವಾಹ ಪಶ್ಚಿಮಕ್ಕೆ ಎಳೀತಿರುತ್ತೆ, ಹಾಗಾಗಿ ಬೋಟಿನ ಮೂತೀನ ಸ್ವಲ್ಪ ಪೂರ್ವಕ್ಕೇ ತಿರುಗಿಸಿ ಇಟ್ಕೋಬೇಕು, ಇಲ್ಲಾಂದ್ರೆ ಬೆಳಿಗ್ಗೆ ಎದುರಿಗೆ ವೆನೆಜುವೆಲಾ! ಎದುರಿಗೆ ದಕ್ಷಿಣದಲ್ಲಿ ಸದರ್ನ್ ಕ್ರಾಸ್ ನಕ್ಷತ್ರಪುಂಜ ಮುಳುಗಿದ ಮೇಲೆ ದೂರದಲ್ಲಿ ಹೈಬಿಸ್ಕಸ್ ಗ್ಯಾಸ್ ಪ್ಲಾಟ್‌ಫಾರ್ಮ್, ಸಮುದ್ರದ ಮಧ್ಯೆ ಜಾತ್ರೆ ದೀಪ ಹಾಕ್ದಂಗೆ.

ಒಂದು ಯೋಚ್ನೆ ಬಂತು. ಊರಲ್ಲಿ ನಾನು ಕಾರ್ ಓಡ್ಸಿದ್ರೆ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ಒತ್ತೋ ಮನುಷ್ಯ, ಇಲ್ಲಿ ಕತ್ತಲು ಸಮುದ್ರದಲ್ಲಿ ಇಡೀ ಬೋಟ್ ನನ್ ಕೈಗೆ ಕೊಟ್ಟು ಗೊರಕೆ ಹೊಡೀತಾ ಇದ್ದಾರಲ್ಲ ಅಂತ. ನಂಬಿಕೆನೋ ಸುಸ್ತೋ ಗೊತ್ತಿಲ್ಲ, ಕೇಳೋಕೂ ಹೋಗ್ಲಿಲ್ಲ.

ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಸೀದಾ ಡಬಲ್ಸ್ ತಿನ್ನೋಕೆ. ಎರಡು ಮೆತ್ತನೆ ಬರಾ (ಎಣ್ಣೇಲಿ ಕರಿದ ರೊಟ್ಟಿ), ಮಧ್ಯೆ ಕಾಬೂಲ್ ಕಡ್ಲೆ ಪಲ್ಯ, 1845ರಿಂದ ಕಬ್ಬಿನ ತೋಟದ ಕೂಲಿಗೆ ಅಂತ ಹಡಗಲ್ಲಿ ಕರ್ಕೊಂಡ್ಬಂದ ನಮ್ ದೇಶದವರ ಮೊಮ್ಮಕ್ಕಳ ಕೈರುಚಿ. ಇವ್ರು ಜಂಬದಲ್ಲಿ ಖಾರ ಜಾಸ್ತಿ ಹಾಕಿಸ್ಕೊಂಡು ಈಗ ಮೂಗು ಒರೆಸ್ಕೊತಾ ಕೂತಿದ್ದಾರೆ 😄