ಹತ್ತನೇ ತಾರೀಖು ಎಲ್ಲಿ ಹೋಯಿತು?

10 ಸೆಪ್ಟೆಂಬರ್ 2023, ಭಾನುವಾರ, ಮೈಸೂರು

ಇವತ್ತು ಏಕಾದಶಿ. ಅಮ್ಮನಿಗೆ ಬರೀ ಅವಲಕ್ಕಿ, ಹಾಲು. ಉಪವಾಸದ ದಿನವೇ ಅವಳ ಪ್ರಶ್ನೆಗಳು ಜಾಸ್ತಿ.

'ನಿಮ್ಮಕ್ಕನ ಮನೆ ಇಲ್ಲಿಂದ ಎಷ್ಟು ದೂರವೋ?'

ಅಕ್ಕ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟ್‌ನಲ್ಲಿ. ಮುಂದಿನ ತಿಂಗಳು ಅಮ್ಮ ಹೊರಡುತ್ತಾಳೆ, ಬೆಂಗಳೂರಿನಿಂದ ನೇರ ವಿಮಾನ. 14,000 ಕಿಲೋಮೀಟರ್ ಅಂದೆ. ಅವಳಿಗೆ ಏನೂ ಅನ್ನಿಸಲಿಲ್ಲ. 'ಸುಮಾರು ನೂರು ಸಲ ಬೆಂಗಳೂರಿಗೆ ಹೋದ ಹಾಗೆ' ಅಂದಮೇಲೆ 'ಅಯ್ಯೋ ರಾಮ' ಅಂತ ಸೊಂಟ ಹಿಡಿದುಕೊಂಡಳು.

ಮಗಳ ಗ್ಲೋಬ್ ತಂದೆ. ಅಮ್ಮನ ಹೂ ಕಟ್ಟುವ ದಾರವನ್ನು ಎರಡೂ ಊರುಗಳ ನಡುವೆ ಬಿಗಿಯಾಗಿ ಎಳೆದೆ. ಗೋಡೆಯ ನಕಾಶೆ ನೋಡಿದವರಿಗೆ ಅರಬ್ಬೀ ಸಮುದ್ರ, ಯುರೋಪು, ಅಟ್ಲಾಂಟಿಕ್ ಅಂತಲೇ ಅನ್ನಿಸುತ್ತದೆ. ದಾರ ಮಾತ್ರ ಸೀದಾ ಉತ್ತರಕ್ಕೆ ಹತ್ತಿತು. ಟಿಬೆಟ್, ಸೈಬೀರಿಯಾ, ಅಲಾಸ್ಕಾ, ಆಮೇಲೆ ಕೆಳಗೆ. ಎರಡು ಊರುಗಳ ನಡುವೆ ರೇಖಾಂಶದಲ್ಲಿ 160 ಡಿಗ್ರಿ ಅಂತರ ಇದೆ. ಹೆಚ್ಚುಕಮ್ಮಿ ಭೂಮಿಯ ಆ ಬದಿ, ಈ ಬದಿ. ಲೆಕ್ಕ ಹಾಕಿದೆ: ಉತ್ತರ ಧ್ರುವವನ್ನೇ ಮುಟ್ಟಿ ಹೋದರೂ ಜಾಸ್ತಿಯಾಗುವುದು ಸುಮಾರು 350 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು!

ವಿಮಾನ ಈ ದಾರದ ಮೇಲೇ ಹೋಗುತ್ತದೆ ಅಂತೇನಿಲ್ಲ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ. ಅದನ್ನು ನೋಡಿಕೊಂಡು ದಾರಿ ಹಿಡಿಯುತ್ತಾರೆ. ಹೋಗುವಾಗ ಹದಿನಾರು ಗಂಟೆ, ಬರುವಾಗ ಹದಿನೇಳರ ಮೇಲೆ.

'ಮಧ್ಯಾಹ್ನ ಎರಡಕ್ಕೆ ಹೊರಟರೆ ಅವತ್ತೇ ಸಂಜೆ ಐದೂವರೆಗೆ ಅಲ್ಲಿ ಇಳಿಯುತ್ತೀಯಮ್ಮ.'

'ಮೂರೂವರೆ ಗಂಟೆ! ಬೆಂಗಳೂರು ಬಸ್ಸೂ ಅಷ್ಟೇ ತೊಗೊಳ್ಳುತ್ತಲ್ವಾ?'

ಅಕ್ಟೋಬರಿನಲ್ಲಿ ಅವರ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಅಂತ ಬಿಡಿಸಿ ಹೇಳಬೇಕಾಯಿತು. ದೇವನಹಳ್ಳಿಗೆ ಫ್ಲೈಬಸ್ಸಿನಲ್ಲಿ ನಾಲ್ಕೈದು ಗಂಟೆ, ಅಲ್ಲಿ ಕಾಯುವುದು ಮೂರು ಗಂಟೆ. ಅದನ್ನು ಇವತ್ತು ಹೇಳಲಿಲ್ಲ.

ವಾಪಸ್ ಬರುವ ಲೆಕ್ಕ ಇನ್ನೂ ಮಜಾ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನೇರ ಹಾರಾಟ ಶುರು ಮಾಡಿದಾಗ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಉತ್ತರ ಧ್ರುವದ ಮೇಲೆ ಹಾರಿ ಬಂದರು. ಅಲ್ಲಿ ಬಿಟ್ಟಿದ್ದು 9ರ ರಾತ್ರಿ, ಬೆಂಗಳೂರಿನಲ್ಲಿ ಇಳಿದಿದ್ದು 11ರ ಬೆಳಗಿನ ಜಾವ. ಹೆಂಗಸರೇ ಓಡಿಸಿದರು ಅಂತ ಅಮ್ಮನಿಗೆ ಬಹಳ ಖುಷಿಯಾಯಿತು. ಆಮೇಲೆ ಯೋಚನೆಗೆ ಬಿದ್ದಳು.

'ಹತ್ತನೇ ತಾರೀಖು ಎಲ್ಲಿ ಹೋಯಿತು?'

'ಆಕಾಶದಲ್ಲೇ ಮುಗಿಯಿತು.'

'ಅವತ್ತು ಏಕಾದಶಿ ಇದ್ದಿದ್ದರೆ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆವು. ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ತಿಥಿ ನೋಡಬೇಕಲ್ಲ, ಹಾಗಾಗಿ ಕೆಲವು ಸಲ ಏಕಾದಶಿ ಒಂದು ತಾರೀಖು ಮೊದಲೇ ಬರುತ್ತದಂತೆ. ಅಮ್ಮನಿಗೆ ಇದು 14,000 ಕಿಲೋಮೀಟರಿಗಿಂತ ದೊಡ್ಡ ಸುದ್ದಿ.

ಮಾರ್ಚ್‌ನ ವಾಪಸ್ ಟಿಕೆಟ್ ಇನ್ನೂ ಮಾಡಿಸಿಲ್ಲ. ಅಮ್ಮ ಈಗ ಪಂಚಾಂಗ ಹಿಡಿದು ಕೂತಿದ್ದಾಳೆ. ದಾರ ಮಾತ್ರ ಆಗಲೇ ವಾಪಸ್ ಇಸಿದುಕೊಂಡಳು, ನಾಳೆ ಪೂಜೆಗೆ ಹೂ ಕಟ್ಟಬೇಕಂತೆ.