ಮೂರು ಬೆಟ್ಟ, ಏಳು ದಿನ, ಅಕ್ಕನ ನಡಿಗೆ

ಜನವರಿ 18ರ ಭಾನುವಾರ ಬೆಳಿಗ್ಗೆ ಮೈಸೂರು ಬಿಟ್ಟು, 24ರ ಶನಿವಾರ ರಾತ್ರಿ ಮನೆ ಸೇರಬೇಕು. ನಡುವೆ ಮೂರು ಬೆಟ್ಟ. ಕೊಡಗಿನ ತಡಿಯಂಡಮೋಳ್, ಕಳಸದ ಕಡೆಯ ಕುದುರೆಮುಖ, ಕೊನೆಗೆ ಕುಕ್ಕೆಯ ಕುಮಾರ ಪರ್ವತ. ಹೋಗುವವರು ನಾಲ್ಕು ಜನ. ಮಂಡ್ಯದ ಅಕ್ಕ, ಭಾವ, ಅವರ ಮಗ, ಮತ್ತೆ ನಾನು. ಪ್ಲಾನನ್ನು ಮೂರು ಸಲ ಬರೆದು ಹರಿದು ಹಾಕಿದೆವು. ನಾಲ್ಕನೆಯದು ಉಳಿದುಕೊಂಡಿದೆ. ಅದು ಹೇಗೆ ಉಳೀತು ಅನ್ನೋದನ್ನೇ ಇವತ್ತು ಬರೀತಿದ್ದೇನೆ.

ಎರಡು ವರ್ಷದ ಹಿಂದಿನ ಕಥೆ ಮೊದಲು ಹೇಳಬೇಕು. ಆಗ ನಾನು ಮತ್ತು ಅಕ್ಕನ ಮಗ ಇಬ್ಬರೇ ಹೋಗಿದ್ದೆವು. ಮೊದಲ ದಿನ ಕುಮಾರ ಪರ್ವತ, ಮರುದಿನ ಪ್ರಯಾಣ, ಮೂರನೇ ದಿನ ತಡಿಯಂಡಮೋಳ್ ಅಂತ ಲೆಕ್ಕ. ಕಷ್ಟದ್ದು ಮೊದಲೇ ಮುಗಿಸಿದರೆ ಆಮೇಲೆ ಹಗುರ ಅಂದುಕೊಂಡಿದ್ದೆ. ತುದಿ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ ದಾಟಿತ್ತು. ಇಳಿಯುವಾಗ ಹುಡುಗನ ಬಲ ಮಂಡಿ ಹಿಡಿದುಕೊಂಡಿತು. ದಾರಿಯ ನಡುವೆ ಸಿಗುವ ಭಟ್ಟರ ಮನೆ ದಾಟಿ ಕಾಡು ಸೇರುವಷ್ಟರಲ್ಲಿ ಪೂರ್ತಿ ಕತ್ತಲು. ಇದ್ದ ಒಂದೇ ಟಾರ್ಚಿನ ಸೆಲ್ಲು ಮುಗಿದುಹೋಯಿತು, ಮೊಬೈಲ್ ಬೆಳಕಿನಲ್ಲಿ ಒಂದೊಂದು ಬೇರಿನ ಮೇಲೆ ಕಾಲಿಟ್ಟುಕೊಂಡು, ಅವನ ಕೈ ನನ್ನ ಹೆಗಲ ಮೇಲೆ ಹಾಕಿಸಿಕೊಂಡು ಕೆಳಗೆ ಬಂದಾಗ ರಾತ್ರಿ ಒಂಬತ್ತೂವರೆ. ತಡಿಯಂಡಮೋಳ್‌ಗೆ ಹೋದೆವು ನಿಜ. ಆದರೆ ಬೆಟ್ಟದ ಬುಡದ ನಾಲ್ಕುನಾಡು ಅರಮನೆ ಮುಂದೆ ಕೂತು ವಾಪಸ್ ಬಂದೆವು. ಅವನಿಗೆ ಮೆಟ್ಟಿಲು ಇಳಿಯೋಕೂ ಆಗುತ್ತಿರಲಿಲ್ಲ.

ಆ ರಾತ್ರಿ ಅಕ್ಕನಿಗೆ ಫೋನ್ ಸಿಗದೆ ಎಷ್ಟು ಹೆದರಿದ್ದಳು ಅಂತ ನನಗೆ ಆಮೇಲೆ ಗೊತ್ತಾಯಿತು. ಈ ಸಲ ನಾನೂ ಬರ್ತೀನಿ ಅಂದವಳು ಅವಳೇ. ಅವಳಿಗೆ 51 ವರ್ಷ.

ಸರಿ, ಪ್ಲಾನಿಗೆ ಬರುತ್ತೇನೆ. ಮೊದಲು ನೋಡಬೇಕಾದ್ದು ಗೇಟು ಯಾವಾಗ ತೆರೆದಿರುತ್ತೆ ಅನ್ನೋದು. ನಕ್ಷೆ ಆಮೇಲೆ. ಮಳೆಗಾಲದಲ್ಲಿ ಕುಮಾರ ಪರ್ವತ ಹತ್ತಲು ಬಿಡುವುದಿಲ್ಲ. ಬೇಸಿಗೆ ಬಂದು ಹುಲ್ಲು ಒಣಗಿತು ಅಂದರೆ ಬೆಂಕಿಯ ಭಯಕ್ಕೆ ಮತ್ತೆ ಮುಚ್ಚುತ್ತಾರೆ. ಮೂರೂ ಬೆಟ್ಟ ಒಟ್ಟಿಗೆ ಸಿಗುವ ಕಾಲ ಚಿಕ್ಕದು. ಅದರಲ್ಲೂ ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಷಷ್ಠಿ ಸಮಯದಲ್ಲಿ ಕುಕ್ಕೆಯಲ್ಲಿ ರೂಮು ಸಿಗುವ ಮಾತೇ ಇಲ್ಲ. ಚಂಪಾ ಷಷ್ಠಿಯ ರಥೋತ್ಸವಕ್ಕೆ ಊರೇ ತುಂಬಿರುತ್ತೆ. ಡಿಸೆಂಬರ್ ಕೊನೆಯ ವಾರ ಎಲ್ಲರಿಗೂ ರಜೆ. ಸಂಕ್ರಾಂತಿಗೆ ಮಂಡ್ಯದಲ್ಲಿ ಹಸುಗಳಿಗೆ ಕಿಚ್ಚು ಹಾಯಿಸುವುದು ಬಿಟ್ಟು ಭಾವ ಎಲ್ಲಿಗೂ ಬರುವವರಲ್ಲ. ಜನವರಿ 26ರ ರಜೆ ಅಂತೂ ಬೇಡವೇ ಬೇಡ. 2024ರಲ್ಲಿ ಆ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಂದೇ ಸಲ ಬಂದು, ದಾರಿಯಲ್ಲಿ ಜಾತ್ರೆ ಥರ ಸಾಲು ನಿಂತ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ತಾನೇ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಿನಲ್ಲಿ ಮೊದಲೇ ಹೆಸರು ಕೊಟ್ಟು ಟಿಕೆಟ್ ತೆಗೆಯಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಇದು ಒಳ್ಳೆಯದೇ ಅನ್ನುತ್ತೇನೆ ನಾನು. ಆ ಹುಲ್ಲುಗಾವಲಿಗೆ ಅಷ್ಟು ಕಾಲುಗಳನ್ನು ತಡೆಯುವ ಶಕ್ತಿ ಇಲ್ಲ.

ಹೀಗೆ ಒಂದೊಂದೇ ವಾರ ಹೊಡೆದು ಹಾಕುತ್ತಾ ಬಂದರೆ, ಸಂಕ್ರಾಂತಿಗೂ 26ಕ್ಕೂ ನಡುವಿನ ಒಂದು ವಾರ ಉಳೀತು. ಹತ್ತುವ ಮೂರು ದಿನವೂ ಸೋಮವಾರ, ಬುಧವಾರ, ಶುಕ್ರವಾರ ಬರುವ ಹಾಗೆ ಇಟ್ಟುಕೊಂಡೆವು. ಶನಿವಾರ, ಭಾನುವಾರದ ಜನ ತಪ್ಪುತ್ತೆ.

ಮುಂದಿನದು ಯಾವುದರ ನಂತರ ಯಾವುದು ಅನ್ನುವ ಪ್ರಶ್ನೆ. ಇದಕ್ಕೇ ಜಾಸ್ತಿ ಚರ್ಚೆ ಆದದ್ದು. ಭಾವ ಲಾರಿ ಓಡಿಸಿ ಬೆಳೆದವರು, ಅವರಿಗೆ ಡೀಸೆಲ್ ಲೆಕ್ಕ ಮೊದಲು ಕಾಣುತ್ತೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದರೆ ಸುಳ್ಯ, ಅಲ್ಲಿಂದ ಕುಕ್ಕೆ ಹತ್ತಿರ. "ಬಾಗಿಲ ಮುಂದೆ ಇರೋ ಬೆಟ್ಟ ಬುಟ್ಟು, ಚಾರ್ಮಾಡಿ ಹತ್ತಿ ಕಳಸಕ್ಕೋಗಿ, ತಿರುಗಾ ಅದೇ ಘಾಟಿ ಇಳಿದು ಕುಕ್ಕೆಗೆ ಬರೋದಾ? ಯಾವ ಲೆಕ್ಕಾಚಾರ ಇದು?" ಅಂದರು. ರಸ್ತೆ ನೋಡಿದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಆದರೆ ಎತ್ತರ ನೋಡಿ. ತಡಿಯಂಡಮೋಳ್ 1,748 ಮೀಟರ್, ಕುಮಾರ ಪರ್ವತ 1,712. ಅಂಕಿ ಮಾತ್ರ ನೋಡಿದರೆ ಕುಮಾರ ಪರ್ವತವೇ ಚಿಕ್ಕದು. ಕುದುರೆಮುಖ 1,890 ಮೀಟರಿಗೂ ಮೇಲೆ. ಆದರೂ ಮೂರರಲ್ಲಿ ಕಾಲು ಸೋಲಿಸುವುದು ಕುಮಾರ ಪರ್ವತವೇ. ತಡಿಯಂಡಮೋಳ್ ಹತ್ತಲು ಶುರು ಮಾಡುವ ಜಾಗವೇ ಕೊಡಗಿನ ಎತ್ತರದಲ್ಲಿದೆ. ಕುದುರೆಮುಖಕ್ಕೂ ಅಷ್ಟೇ, ಮುಳ್ಳೋಡಿ ಅನ್ನುವ ಹಳ್ಳಿಯವರೆಗೆ ಜೀಪು ಹತ್ತಿಸಿ ಬಿಡುತ್ತೆ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಸಮುದ್ರ ಮಟ್ಟದಿಂದ ನೂರು ಚಿಲ್ಲರೆ ಮೀಟರ್ ಅಷ್ಟೇ. ಅಂದರೆ ಸುಮಾರು 1,600 ಮೀಟರ್ ನಾವೇ ಹತ್ತಬೇಕು. ಹತ್ತಿದ್ದನ್ನೆಲ್ಲ ಇಳಿಯಲೂ ಬೇಕು.

ಇಳಿಯುವುದೇ ದೊಡ್ಡ ಕೆಲಸ. ಹತ್ತುವಾಗ ಉಸಿರು ಕಟ್ಟುತ್ತೆ, ಎರಡು ನಿಮಿಷ ನಿಂತರೆ ಸರಿ ಹೋಗುತ್ತೆ. ಇಳಿಯುವಾಗ ತೊಡೆಯ ಸ್ನಾಯು ಉದ್ದ ಆಗುತ್ತಲೇ ಮೈ ಭಾರ ತಡೆಯಬೇಕು. ಅದರಲ್ಲಿ ಆಗುವ ಪೆಟ್ಟು ಅವತ್ತು ಗೊತ್ತಾಗುವುದಿಲ್ಲ. ನೋವು ಜೋರಾಗುವುದು ಒಂದು ದಿನ ಬಿಟ್ಟು, ಎರಡನೇ ಮೂರನೇ ದಿನಕ್ಕೆ. ಎರಡು ವರ್ಷದ ಹಿಂದೆ ಸರಿಯಾಗಿ ಆ ದಿನಕ್ಕೇ ನಾನು ಎರಡನೇ ಬೆಟ್ಟ ಇಟ್ಟುಕೊಂಡಿದ್ದೆ! ಹಾಗಾಗಿ ಈ ಸಲ ಚಿಕ್ಕ ಇಳಿಜಾರು ಮೊದಲು, ದೊಡ್ಡ ಇಳಿಜಾರು ಕೊನೆಗೆ. ಇದನ್ನೆಲ್ಲ ಹೇಳಿದ ಮೇಲೆ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಗು ಮಂಡಿ ನೋಡಿದೀನಲ್ಲ, ನಡೀಲಿ, ಎರಡು ಸಲ ಘಾಟಿ ಓಡುಸ್ತೀನಿ" ಅಂದರು. ಮಂಗಳವಾರ ಇಡೀ ದಿನ ರಸ್ತೆಯಲ್ಲೇ ಕಳೆಯುತ್ತೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಬಹುದು, ಅದೊಂದು ಸಮಾಧಾನ.

ನಡಿಗೆಯ ಸಮಯದ ಲೆಕ್ಕಕ್ಕೆ ಹಳೆಯದೊಂದು ಸೂತ್ರ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಅನ್ನುವ ಪರ್ವತಾರೋಹಿ ಬರೆದಿಟ್ಟದ್ದು. ಸರಿಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ಹಾಕಿ ನೋಡಿ. ಕುಕ್ಕೆಯಿಂದ ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಎರಡು ಗಂಟೆ 36 ನಿಮಿಷ ದೂರಕ್ಕೆ, ಎರಡು ಗಂಟೆ 40 ನಿಮಿಷ ಏರಿಗೆ. ಸೇರಿ ಐದೂಕಾಲು ಗಂಟೆ. ಇದು ಎಲ್ಲೂ ಕೂರದೆ, ಒಂದೇ ಸಮ ನಡೆಯುವವರ ಲೆಕ್ಕ. ಬ್ಯಾಗು, ಬಿಸಿಲು, ನೀರು ಕುಡಿಯಲು ನಿಲ್ಲುವುದು ಎಲ್ಲ ಸೇರಿಸಿದರೆ ನನಗೆ, ಹುಡುಗನಿಗೆ ಆರೂವರೆ ಗಂಟೆ ಬೇಕು. ಇಳಿಯಲು ಇನ್ನೊಂದು ಐದು. ಜನವರಿಯಲ್ಲಿ ಹಗಲು ಇರುವುದೇ ಹನ್ನೊಂದೂವರೆ ಗಂಟೆ.

ಈ ಕಾಗದವನ್ನು ಅಕ್ಕನ ಮುಂದೆ ಇಟ್ಟೆ. ಅವಳು ಓದಿ, "ಇದು ನಿನ್ ಕಾಲಿನ ಲೆಕ್ಕ ಕಣೋ. ನನ್ ಕಾಲಿಂದು ಹಾಕು" ಅಂದಳು. ಹಾಕಿದೆ. ಹತ್ತಲು ಎಂಟು, ಇಳಿಯಲು ಆರು. ಹದಿನಾಲ್ಕು ಗಂಟೆ. ಹಗಲಿನಲ್ಲಿ ಹಿಡಿಸುವುದಿಲ್ಲ. ತುದಿಯಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಬಿಡಲೂ ಬಾರದು. ನಾನು ಪೆನ್ನು ಕೆಳಗಿಟ್ಟು ಕೂತೆ. ಕುಮಾರ ಪರ್ವತ ಬಿಟ್ಟುಬಿಡೋಣ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅವಳೇ ಹೇಳಿದಳು. "ನಾನೂ ನಿಮ್ ಭಾವನೂ ಭಟ್ಟರ ಮನೆ ಗಂಟ ಬರ್ತೀವಿ. ಕಾಡು ನೋಡ್ದಂಗಾಯ್ತದೆ. ನೀವಿಬ್ರೂ ಮೇಲಕ್ಕೋಗಿ. ಎಷ್ಟೊತ್ಗೆ ತಿರುಗ್ತೀರ ಅಂತ ಈಗ್ಲೇ ಹೇಳ್ಬುಡು. ಆ ಟೈಮ್ಗೆ ತಿರುಗ್ಲೇಬೇಕು."

ಮಧ್ಯಾಹ್ನ ಹನ್ನೆರಡೂವರೆ. ತುದಿಗಿಂತ ಮೊದಲು ಸಿಗುವ ಶೇಷ ಪರ್ವತದಲ್ಲಿದ್ದರೂ ಸರಿ, ತುದಿ ಕಣ್ಣೆದುರಿಗೇ ಕಂಡರೂ ಸರಿ, ಅಲ್ಲಿಂದ ವಾಪಸ್. ಇದನ್ನು ಮನೆಯಲ್ಲಿ ಕೂತು ಬರೆದುಕೊಳ್ಳಬೇಕು. ಮೇಲೆ ಹೋದ ಮೇಲೆ ತುದಿಯೇ ಮಾತಾಡುತ್ತೆ, ಬುದ್ಧಿ ಕೇಳುವುದಿಲ್ಲ. ಹೋದ ಸಲ ಒಂದು ಗಂಟೆಗೆ ತಿರುಗಿದ್ದರೂ ಸಾಕಿತ್ತು, ಕಾಡಿನ ಭಾಗವನ್ನು ಬೆಳಕಿನಲ್ಲಿ ದಾಟುತ್ತಿದ್ದೆವು.

ತಡಿಯಂಡಮೋಳ್ ಮತ್ತು ಕುದುರೆಮುಖ ನಾಲ್ಕೂ ಜನ ಒಟ್ಟಿಗೆ. ಅಲ್ಲಿ ಅಕ್ಕ ಮುಂದೆ, ನಾವು ಹಿಂದೆ. ನಿಧಾನ ನಡೆಯುವವರನ್ನು ಹಿಂದೆ ಬಿಟ್ಟರೆ, ಅವರು ಬಂದು ಸೇರುವ ಹೊತ್ತಿಗೆ ಮುಂದಿನವರು ಸುಧಾರಿಸಿಕೊಂಡು ಎದ್ದಿರುತ್ತಾರೆ. ಪಾಪ, ಅವರಿಗೆ ಕೂರಲು ಸಮಯವೇ ಸಿಗುವುದಿಲ್ಲ. ಕುದುರೆಮುಖ ಹೋಗಿ ಬರಲು 20 ಕಿಲೋಮೀಟರಿಗೂ ಜಾಸ್ತಿ, ಆದರೆ ಏರು ಸಮಾಧಾನದ್ದು. ಕಣಿವೆಯಲ್ಲಿ ಬೆಳೆಯುವ ಶೋಲಾ ಕಾಡು, ಹುಲ್ಲು, ಹಳ್ಳ, ಮತ್ತೆ ಹುಲ್ಲು. ಬೆಳಿಗ್ಗೆ ಬೇಗ ಹೊರಟರೆ ಅಕ್ಕನಿಗೆ ಅದು ಖಂಡಿತ ಆಗುತ್ತೆ. ಆ ಬೆಟ್ಟದ ಕುದುರೆ ಮೂತಿ ಅವಳಿಗೆ ತೋರಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ತಯಾರಿಗೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇದ್ದೇ ಇದೆಯಲ್ಲ. ಕುಕ್ಕರಹಳ್ಳಿ ಕೆರೆ ಸುತ್ತ ದಿನಾ ನಡೀತೀನಿ, ನನಗೇನು ಕಷ್ಟ ಅಂತ ಹೋದ ಸಲ ನಾನೂ ಅಂದುಕೊಂಡಿದ್ದೆ. ಸಮತಟ್ಟು ನಡಿಗೆ ಉಸಿರಿಗೆ ಒಳ್ಳೆಯದು, ಇಳಿಜಾರಿಗೆ ಅದರಿಂದ ಏನೂ ಸಿಗುವುದಿಲ್ಲ. ಜಾಸ್ತಿ ಜನ ಸಾವಿರ ಮೆಟ್ಟಿಲು ಹತ್ತಿ, ಮೇಲಿಂದ ಸಿಟಿ ಬಸ್ಸಿನಲ್ಲಿ ಇಳಿದುಬಿಡುತ್ತಾರೆ. ನಾವು ಕಾಲಲ್ಲೇ ಇಳಿಯಬೇಕು. ಒಂದು ಸಲ ಚೆನ್ನಾಗಿ ಇಳಿದು ನೋವು ಮಾಡಿಕೊಂಡ ಸ್ನಾಯುವಿಗೆ, ಮುಂದಿನ ಕೆಲವು ವಾರ ಅಂಥದೇ ಇಳಿತದಲ್ಲಿ ಅಷ್ಟು ನೋವಾಗುವುದಿಲ್ಲ. ಅದಕ್ಕೇ ಹೊರಡುವ ಮುಂಚೆ ಐದು ಭಾನುವಾರ ಮೆಟ್ಟಿಲು. ಮೊದಲ ವಾರ ಒಂದು ಸಲ, ಆಮೇಲೆ ಎರಡು ಸಲ, ಕೊನೆಯ ವಾರ ಮತ್ತೆ ಒಂದೇ ಸಲ. ಬ್ಯಾಗಿನಲ್ಲಿ ನಾಲ್ಕು ಲೀಟರ್ ನೀರು ಹೊತ್ತು ಹತ್ತುವುದು. ಅಕ್ಕ ಮಾತ್ರ ನಂದಿ ಹತ್ತಿರ ಎರಡು ಬಾಟಲಿ ಗಿಡಗಳಿಗೆ ಸುರಿದು, ಹಗುರವಾಗಿ ಇಳಿಯುತ್ತಾಳೆ. ಮಂಡ್ಯದಿಂದ ಬರಲು ಆಗದ ವಾರ ಅವರು ಪಾಂಡವಪುರದ ಕುಂತಿ ಬೆಟ್ಟಕ್ಕೆ ಹೋಗುತ್ತಾರೆ.

ಊಟದ ಬಗ್ಗೆ ಚಿಂತೆ ಇಲ್ಲ. ಸಂಕ್ರಾಂತಿ ಆಗಿ ಮೂರೇ ದಿನ. ಬೆಟ್ಟ ಹತ್ತುವವರಿಗೆ ಅಂತಲೇ ಪ್ಯಾಕೆಟ್ಟಿನಲ್ಲಿ ದುಬಾರಿಗೆ ಮಾರುವ ಕಾಳು, ಬೀಜಗಳ ಮಿಶ್ರಣ ನಮ್ಮ ಎಳ್ಳು ಬೆಲ್ಲವೇ ಅಲ್ವಾ? ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ, ಎಳ್ಳು. ಕೆಡುವುದಿಲ್ಲ, ಜೇಬಿನಲ್ಲಿ ಇಟ್ಟುಕೊಂಡು ನಡೆಯುತ್ತಲೇ ತಿನ್ನಬಹುದು. ಅಕ್ಕ ಈ ಸಲ ಎರಡು ಕೆಜಿ ಜಾಸ್ತಿ ಮಾಡುತ್ತಾಳಂತೆ. ಜೊತೆಗೆ ಚಪಾತಿ, ಚಟ್ನಿಪುಡಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಓಆರ್‌ಎಸ್ ಪುಡಿ. ಭಟ್ಟರ ಮನೆ ದಾಟಿದ ಮೇಲೆ ಬೋಳು ಹುಲ್ಲುಗಾವಲು, ನೆರಳು ಅನ್ನುವುದೇ ಇಲ್ಲ. ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತೆ, ಆದರೆ ಅದನ್ನೇ ನಂಬಿ ಹೋಗಬಾರದು. ಜನವರಿಯಲ್ಲಿ ಇಂಬಳದ ಕಾಟ ಕಡಿಮೆ. ಆದರೂ ತೇವ ಇರುವ ಕಡೆ ಬಿಡುವುದಿಲ್ಲ, ಒಂದು ಪೊಟ್ಟಣ ಉಪ್ಪು ಇರಲಿ. ಪ್ಲಾಸ್ಟಿಕ್ ಒಂದು ಚೂರೂ ಮೇಲೆ ಬಿಟ್ಟು ಬರುವುದಿಲ್ಲ. ಟಾರ್ಚು ತಲೆಗೆ ಕಟ್ಟುವಂಥದ್ದು, ತಲೆಗೊಂದು. ಸೆಲ್ಲು ಎರಡು ಜೊತೆ.

ಟಿಕೆಟ್ ಬುಕಿಂಗ್ ಹುಡುಗ ನೋಡಿಕೊಳ್ಳುತ್ತಾನೆ. ಗುರುತಿನ ಚೀಟಿ ಮನೆಯಲ್ಲಿ ಮರೆತರೆ ಚೆಕ್‌ಪೋಸ್ಟಿನಿಂದಲೇ ವಾಪಸ್ ಬರಬೇಕಾಗುತ್ತೆ, ಅದಕ್ಕೆ ನಾಲ್ಕೂ ಜನರದ್ದು ಅಕ್ಕನ ಕೈಚೀಲದಲ್ಲಿ ಈಗಲೇ ಸೇರಿದೆ. ಇನ್ನು ಉಳಿದಿರುವುದು ಭಾವನ ಬೂಟು. ಚಪ್ಪಲಿಯಲ್ಲೇ ಬರ್ತೀನಿ ಅಂತ ಕೂತಿದ್ದರು, ನಿನ್ನೆ ಒಪ್ಪಿಕೊಂಡಿದ್ದಾರೆ. ಶನಿವಾರ ಸಂಜೆ ಮೈಸೂರಿಗೆ ಬರಲಿ, ದೇವರಾಜ ಅರಸು ರಸ್ತೆಯಲ್ಲಿ ಒಂದು ಜೊತೆ ಕೊಡಿಸಿ, ಮರುದಿನ ಬೆಳಿಗ್ಗೆಯೇ ಮೆಟ್ಟಿಲ ಮೇಲೆ ಹಾಕಿಸಿ ನಡೆಸಬೇಕು.