ಸಿವಿಕ್ಕಿನ ಹಿಂದಿನ ಬ್ರೇಕು, ಅಡಿಕೆ ಕಣದಲ್ಲಿ

ಹೋದ ತಿಂಗಳು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ವಿ, ಆಗುಂಬೆ ಘಾಟಿಯ ಹದಿನಾಲ್ಕೂ ತಿರುವು ಇಳಿದು ಸೋಮೇಶ್ವರದಲ್ಲಿ ಕಾಫಿಗೆ ಅಂತ ನಿಲ್ಲಿಸಿದ್ರೆ ಅಪ್ಪಯ್ಯ ಕಾರಿಂದ ಇಳಿದವ್ರೇ "ಏನೋ ಸುಟ್ಟ ವಾಸನೆ ಬರ್ತಿದ್ಯಲ್ಲ ಮಾರಾಯ" ಅಂದ್ರು. ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿದೆ. ಮುಂದಿನವು ಬಿಸಿ ಇದ್ವು, ಅದು ಸಹಜ, ಇಳಿಜಾರಲ್ಲಿ ಭಾರ ಎಲ್ಲ ಮುಂದಕ್ಕೆ ಬೀಳತ್ತೆ. ಹಿಂದೆ ಬಲಗಡೆದು ಉಗುರುಬೆಚ್ಚಗೆ, ಆದ್ರೆ ಎಡಗಡೆದು ಕೈ ಹತ್ರ ಒಯ್ಯೋಕೇ ಆಗ್ತಿರ್ಲಿಲ್ಲ. ಆ ವೀಲ್ ಮೇಲೆ ಮಾತ್ರ ಕಪ್ಪು ಪುಡಿ ಜಾಸ್ತಿ ಕೂರ್ತಿದ್ದುದನ್ನ ಮೂರ್ನಾಲ್ಕು ತಿಂಗಳಿಂದ ನೋಡ್ತಾನೇ ಇದ್ದೆ, ಆವಾಗ್ಲೇ ಬಿಚ್ಚಬೇಕಿತ್ತು.

ಕಾರು 2010ರ ಹೋಂಡಾ ಸಿವಿಕ್, 1.8 ಪೆಟ್ರೋಲ್. ಆ ಕಾಲದಲ್ಲಿ ನಮ್ಮಲ್ಲಿ ಹೆಚ್ಚಿನ ಕಾರುಗಳಿಗೆ ಹಿಂದೆ ಡ್ರಮ್ ಬ್ರೇಕ್ ಇದ್ರೆ ಇದಕ್ಕೆ ನಾಲ್ಕೂ ಕಡೆ ಡಿಸ್ಕ್, ಅಂದ್ರೆ ಚಕ್ರದ ಜೊತೆ ತಿರುಗೋ ಲೋಹದ ತಟ್ಟೆ, ಅದನ್ನ ಎರಡೂ ಬದಿಯಿಂದ ಪ್ಯಾಡು ಒತ್ತಿ ಹಿಡಿದ್ರೆ ಬ್ರೇಕ್. ಒಂದೂವರೆ ವರ್ಷದ ಹಿಂದಷ್ಟೇ ಒಂದು ಗ್ಯಾರೇಜಲ್ಲಿ ಹಿಂದಿನ ಪ್ಯಾಡ್ ಹೊಸದು ಹಾಕ್ಸಿದ್ದೆ, ಇಷ್ಟು ಬೇಗ ಸವೆಯೋಕೆ ಕಾರಣವೇ ಇಲ್ಲ. ಹಾಗಾಗಿ ಈ ಸಲ ನಾನೇ ಬಿಚ್ಚಿ ನೋಡ್ಬೇಕು ಅಂತ ತೀರ್ಮಾನ ಮಾಡಿ ಎರಡೂ ಬದಿ ಡಿಸ್ಕು, ಪ್ಯಾಡು, ಜೊತೆಗೆ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತಿ ಹಿಡಿಯೋ ಭಾಗ) ಜಾರೋ ಪಿನ್ನು ಮತ್ತೆ ಅದರ ರಬ್ಬರ್ ಬೂಟಿನ ಕಿಟ್ಟು ತರ್ಸಿದೆ. ಈ ಕಿಟ್ಟನ್ನ ಯಾರೂ ಕೇಳಿ ತಗೊಳಲ್ಲ, ಆದ್ರೆ ಈ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ಸಿದ್ದು ಅದೇ.

ಅಡಿಕೆ ಹರವೋ ಸಿಮೆಂಟ್ ಕಣ ಈಗ ಖಾಲಿ ಇದೆ, ಕಾರು ಅಲ್ಲೇ ನಿಲ್ಸಿದೆ, ಮಣ್ಣಿನ ಮೇಲಾದ್ರೆ ಜಾಕಿ ಹೂತ್ಕೊಳತ್ತೆ. ಹಿಂದಿನ ಕ್ಯಾಲಿಪರ್ ಬಿಚ್ಚೋವಾಗ ಹ್ಯಾಂಡ್‌ಬ್ರೇಕ್ ಇಳಿಸಿರ್ಬೇಕು, ಯಾಕಂದ್ರೆ ಇದರಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಎಳೆಯೋದು ಅದೇ ಕ್ಯಾಲಿಪರನ್ನ. ಅಂದ್ರೆ ಕಾರು ಉರುಳದ ಹಾಗೆ ಹಿಡಿಯೋಕೆ ಬೇರೆ ದಾರಿ ಬೇಕು: ಫಸ್ಟ್ ಗೇರಲ್ಲಿ ಬಿಟ್ಟು ಮುಂದಿನ ಚಕ್ರಕ್ಕೆ ಹಿಂದೂ ಮುಂದೂ ಕಲ್ಲು ಕೊಟ್ಟು, ವೀಲ್ ನಟ್ಟು ನೆಲದ ಮೇಲಿದ್ದಾಗ್ಲೇ ಸಡಿಲ ಮಾಡ್ಕೊಂಡು ಆಮೇಲೆ ಎತ್ತಿ, ಎತ್ತಿದ್ಮೇಲೆ ಸ್ಟ್ಯಾಂಡ್ ಕೊಡ್ಬೇಕು. ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕ್ಬೇಡಿ ದಯವಿಟ್ಟು, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ.

12 ನಂಬರ್ ಸ್ಪ್ಯಾನರ್ ಹಾಕಿ ಎಡಗಡೆ ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಹೋಸಿಗೆ ಭಾರ ಬೀಳದ ಹಾಗೆ ಕಟ್ಟು ಕಂಬೀಲಿ ಸ್ಪ್ರಿಂಗಿಗೆ ಕಟ್ಟಿ ಪ್ಯಾಡ್ ತೆಗೆದೆ. ಒಳಗಿನ ಪ್ಯಾಡಲ್ಲಿ ಉಳಿದಿದ್ದು ಎರಡು ಎಂಎಂಗಿಂತ ಕಮ್ಮಿ, ಹೊರಗಿಂದು ಆರು ಎಂಎಂ ಹತ್ರ ಇದೆ! ಒಂದೇ ಚಕ್ರದ ಎರಡು ಪ್ಯಾಡು, ಒಂದೇ ದಿನ ಹಾಕಿದ್ದು. ಈ ಥರ ಕ್ಯಾಲಿಪರಲ್ಲಿ ಪಿಸ್ಟನ್ ಒಳಗಡೆ ಮಾತ್ರ ಇರತ್ತೆ, ಅದು ಒಳಗಿನ ಪ್ಯಾಡನ್ನ ಒತ್ತಿದಾಗ ಕ್ಯಾಲಿಪರ್ ಪೂರ್ತಿ ಪಿನ್ ಮೇಲೆ ಜಾರ್ಕೊಂಡು ಬಂದು ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಹಿಡಿಸ್ಬೇಕು, ಕಾಲು ತೆಗೆದಾಗ ಸಡಿಲ ಆಗ್ಬೇಕು. ಪಿನ್ ಜಾರದೇ ಇದ್ರೆ ಒಳಗಿನ ಪ್ಯಾಡ್ ಒಂದೇ ದುಡಿಯತ್ತೆ, ಅದರ ಜೊತೆಗೆ ಬಿಡದೇ ಉಜ್ಜುತ್ತಾ ಕಾಯತ್ತೆ.

ಮೇಲಿನ ಪಿನ್ ಬೆರಳಲ್ಲೇ ಬಂತು. ಕೆಳಗಿಂದು ಇಕ್ಕಳ ಹಾಕಿ ತಿರುಗಿಸಿ ತಿರುಗಿಸಿ ಎಳೆಯೋಕೆ ಹತ್ತು ನಿಮಿಷ ಬೇಕಾಯ್ತು. ಬಂದಿದ್ದು ನೋಡಿ ಹೊಟ್ಟೆ ಉರೀತು: ರಬ್ಬರ್ ಬೂಟು ಒಂದು ಕಡೆ ಸೀಳಿ ನೀರು ಹೋಗಿ ಪಿನ್ನಿನ ಅರ್ಧ ಭಾಗ ಕೆಂಪು ತುಕ್ಕು, ಉಳಿದರ್ಧದಲ್ಲಿ ಹಳೇ ಗ್ರೀಸು ಡಾಂಬರಿನ ಥರ ಗಟ್ಟಿ ಕಟ್ಟಿದೆ. ಅಂದ್ರೆ ಆವತ್ತು ಪ್ಯಾಡ್ ಹಾಕಿದವ್ರು ಇದನ್ನ ಮುಟ್ಟೇ ಇಲ್ಲ, ಪೂರ್ತಿ ಕೆಲಸದ ದುಡ್ಡು ಮಾತ್ರ ತಗೊಂಡಿದಾರೆ. ನಮ್ಮ ಮಲೆನಾಡಿನ ಮಳೆಗೆ, ಈ ಕೆಸರಿಗೆ, ಪ್ಯಾಡಿಗಿಂತ ಮೊದಲು ಸಾಯೋದು ಈ ಪಿನ್ನು.

ಡಿಸ್ಕಿನ ದಪ್ಪ ಅಳೆಯೋದ್ರಲ್ಲೂ ಒಂದು ವಿಷ್ಯ ಇದೆ. ಹೊಸದಿದ್ದಾಗ ಇದು 9 ಎಂಎಂ, 8ಕ್ಕಿಂತ ಕಮ್ಮಿ ಆದ್ರೆ ಹಾಕೋ ಹಾಗಿಲ್ಲ. ಆದ್ರೆ ಪ್ಯಾಡ್ ತಾಗದ ಅಂಚಲ್ಲಿ ಏಣು ಉಳಿದಿರತ್ತೆ, ದಪ್ಪ ಅಳೆಯೋ ವರ್ನಿಯರ್ ಹಾಗೇ ಹಿಡಿದ್ರೆ ಅದನ್ನೇ ಅಳೆಯತ್ತೆ. ಎರಡು ನಾಣ್ಯ ತಗೊಂಡು ಅವುಗಳ ದಪ್ಪ ಮೊದಲು ನೋಡ್ಕೊಂಡು, ಡಿಸ್ಕಿನ ಎರಡೂ ಬದಿ ಸವೆದ ಜಾಗಕ್ಕೆ ಇಟ್ಟು ಅಳೆದು ನಾಣ್ಯದ್ದು ಕಳೀಬೇಕು. ಎಡಗಡೆ 7.7 ಬಂತು, ಬಲಗಡೆ 8.2. ಬಲಗಡೆದು ಇನ್ನೂ ಸ್ವಲ್ಪ ದಿನ ಬರ್ತಿತ್ತು, ಆದ್ರೆ ಬ್ರೇಕ್ ವಿಷಯದಲ್ಲಿ ಒಂದೇ ಬದಿ ಹೊಸದು ಹಾಕೋದು ಸರಿಯಲ್ಲ, ಜೋಡಿನೇ ಬದಲಾಯಿಸ್ಬೇಕು.

ಕ್ಯಾಲಿಪರ್ ಕೂರೋ ಬ್ರಾಕೆಟ್ಟೂ ಬಿಚ್ಚಿದ್ಮೇಲೆ ಡಿಸ್ಕನ್ನ ಹಬ್ಬಿಗೆ (ಚಕ್ರ ಕೂರೋ ನಡುಭಾಗಕ್ಕೆ) ಹಿಡಿದಿರೋ ಎರಡು ಸ್ಕ್ರೂ, ಹೋಂಡಾ ಇಟ್ಕೊಂಡವ್ರಿಗೆಲ್ಲ ಗೊತ್ತಿರೋ ಕಾಟ. ಕೈ ಸ್ಕ್ರೂಡ್ರೈವರಲ್ಲಿ ಪ್ರಯತ್ನ ಮಾಡ್ಬೇಡಿ, ತಲೆ ಸವೆದು ಹೋದ್ರೆ ಡ್ರಿಲ್ಲೇ ಗತಿ. ಹಿಂದಿನ ರಾತ್ರಿನೇ ತುಕ್ಕು ಬಿಡ್ಸೋ ಎಣ್ಣೆ ಹೊಡೆದಿದ್ದೆ, ಹೊಡೆದಾಗ ತಿರುಗೋ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೇಲಿ ನಾಲ್ಕು ಏಟು ಬಿಗಿಯಾಗಿ ಕೊಟ್ಟಾಗ ಬಿಡ್ತು. ಆಮೇಲೂ ಡಿಸ್ಕು ಅಲುಗಾಡ್ಲಿಲ್ಲ, ಅದಕ್ಕೆ ಅಂತ್ಲೇ ಡಿಸ್ಕಲ್ಲಿ ಮರೆ (ಥ್ರೆಡ್) ಇರೋ ಎರಡು ತೂತು ಕೊಟ್ಟಿರ್ತಾರೆ, 8 ಎಂಎಂ ಬೋಲ್ಟ್ ಎರಡನ್ನೂ ಸರದಿ ಮೇಲೆ ಅರ್ಧ ಅರ್ಧ ಸುತ್ತು ಬಿಗಿ ಮಾಡ್ತಾ ಹೋದ್ರೆ ಟಕ್ ಅಂತ ಕಳಚ್ಕೊಳತ್ತೆ. ಹಬ್ಬಿನ ಮುಖವನ್ನ ವೈರ್ ಬ್ರಷ್ ಹಾಕಿ ಹೊಳೆಯೋ ತನಕ ಉಜ್ಜಿದೆ, ಅಲ್ಲಿ ಒಂದು ಚಕ್ಕೆ ತುಕ್ಕು ಉಳಿದ್ರೂ ಹೊಸ ಡಿಸ್ಕು ಸೊಟ್ಟ ಕೂತು ಪೆಡಲ್ ನಡುಗತ್ತೆ. ಹೊಸ ಡಿಸ್ಕಿಗೆ ತುಕ್ಕು ಹಿಡೀದೇ ಇರ್ಲಿ ಅಂತ ಎಣ್ಣೆ ಬಳಿದಿರ್ತಾರೆ, ಅದನ್ನ ಬ್ರೇಕ್ ಕ್ಲೀನರಲ್ಲಿ ಪೂರ್ತಿ ತೊಳೆದೆ.

ಹೊಸ ಪ್ಯಾಡು ದಪ್ಪ, ಅದಕ್ಕೆ ಜಾಗ ಆಗೋಕೆ ಪಿಸ್ಟನ್ ಒಳಗೆ ಕಳ್ಸೋದು ಇನ್ನೊಂದು ಎಚ್ಚರಿಕೆಯ ಜಾಗ. ಮುಂದಿನ ಬ್ರೇಕಿನ ಹಾಗೆ ಕ್ಲಾಂಪ್ ಹಾಕಿ ಒತ್ತಿದ್ರೆ ಒಳಗಿನ ಹ್ಯಾಂಡ್‌ಬ್ರೇಕ್ ಭಾಗ ಹಾಳಾಗತ್ತೆ, ಇದನ್ನ ಗಡಿಯಾರದ ಮುಳ್ಳು ತಿರುಗೋ ಕಡೆಗೆ ತಿರುಗಿಸ್ತಾನೇ ಒಳಗೆ ಕಳಿಸ್ಬೇಕು. ಹಾಗೆ ಮಾಡುವಾಗ ಬಾನೆಟ್ ಕೆಳಗಿನ ಡಬ್ಬೀಲಿ ಬ್ರೇಕ್ ಆಯಿಲ್ ಮೇಲೆ ಏರತ್ತೆ, ಚೆಲ್ಲಿ ಪೇಂಟ್ ಮೇಲೆ ಬಿದ್ರೆ ಪೇಂಟ್ ಎದ್ದು ಬರತ್ತೆ, ಅದಕ್ಕೆ ಸಿರಿಂಜಲ್ಲಿ ಸ್ವಲ್ಪ ಮೊದ್ಲೇ ತೆಗೆದಿಟ್ಟೆ. ಪಿಸ್ಟನ್ ಮುಖದಲ್ಲಿ ಕೂಡಿಸೋ ಚಿಹ್ನೆ ಥರ ಗೆರೆ ಇದೆ, ಒಳಗಿನ ಪ್ಯಾಡಿನ ಬೆನ್ನ ಮೇಲಿನ ಮೊಳೆ ಆ ಗೆರೆಯೊಳಗೆ ಕೂರ್ಬೇಕು, ಇಲ್ದಿದ್ರೆ ಪ್ಯಾಡ್ ಓರೆಯಾಗಿ ಸವೆಯತ್ತೆ.

ಪಿನ್ನಿನ ತೂತನ್ನ ಬಟ್ಟೆ ಸುತ್ತಿದ ಕಡ್ಡೀಲಿ ನಾಲ್ಕೈದು ಸಲ ಒರೆಸಿ, ಹೊಸ ಪಿನ್ನಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಹಾಕಿದೆ. ಮಾಮೂಲಿ ಬೇರಿಂಗ್ ಗ್ರೀಸ್ ಹಾಕಿದ್ರೆ ರಬ್ಬರ್ ಊದ್ಕೊಂಡು ಮತ್ತೆ ಜಾಮ್. ಸರಿಯಾಗಿ ಕೂತ ಪಿನ್ನನ್ನ ಬೆರಳಲ್ಲಿ ಒತ್ತಿ ಬಿಟ್ರೆ ಒಳಗಿನ ಗಾಳಿಗೆ ಮೆಲ್ಲಗೆ ಹೊರಗೆ ಬರತ್ತೆ. ಅದನ್ನ ಸುಮ್ನೆ ಏಳೆಂಟು ಸಲ ಒತ್ತಿ ಒತ್ತಿ ನೋಡಿದೆ, ಅಷ್ಟು ಖುಷಿ ಆಯ್ತು.

ಬಲಗಡೆದು ಇದರ ಅರ್ಧ ಹೊತ್ತಲ್ಲಿ ಮುಗೀತು. ವೀಲ್ ನಟ್ಟುಗಳನ್ನ ಎದುರುಬದುರು ಬಿಗಿ ಮಾಡಿ, ಇಳಿಸಿದ್ಮೇಲೆ ಟಾರ್ಕ್ ರೆಂಚಲ್ಲಿ 108 ನ್ಯೂಟನ್ ಮೀಟರಿಗೆ ಕೊನೇ ಬಿಗಿ ಕೊಟ್ಟೆ. ಕಾರು ಅಲುಗಾಡಿಸೋ ಮುಂಚೆ ಅಪ್ಪಯ್ಯನ್ನ ಕೂರ್ಸಿ "ಪೆಡಲ್ ಮೆಲ್ಲಗೆ ಒತ್ತಿ, ಗಟ್ಟಿ ಆಗೋ ತನಕ ಒತ್ತಿ" ಅಂದೆ, ಮೊದಲ ಸಲ ಪೆಡಲ್ ನೆಲಕ್ಕೇ ಹೋಗತ್ತೆ, ಇದನ್ನ ಮರೆತು ರಸ್ತೆಗೆ ಇಳಿದ್ರೆ ಬ್ರೇಕೇ ಇರಲ್ಲ. ಹತ್ತನೇ ಒತ್ತಿಗೆ "ಆತು ನೋಡು, ಕಲ್ಲಾತು" ಅಂದ್ರು. ಆಮೇಲೆ ಹ್ಯಾಂಡ್‌ಬ್ರೇಕ್ ನಾಲ್ಕೈದು ಸಲ ಎಳೆದು ಬಿಟ್ಟು ಆಯಿಲ್ ಮಟ್ಟ ನೋಡಿದೆ.

ಸಂಜೆ ಖಾಲಿ ರಸ್ತೇಲಿ 60ರಿಂದ 15ರ ತನಕ ಪೂರ್ತಿ ನಿಲ್ಲಿಸದೇ ಎಂಟು ಸಲ ಬ್ರೇಕ್ ಹಾಕಿ, ಆಮೇಲೆ ಬ್ರೇಕ್ ಮುಟ್ಟದೇ ಸ್ವಲ್ಪ ದೂರ ಓಡಿಸಿ ಆರೋಕೆ ಬಿಟ್ಟೆ, ಹೊಸ ಪ್ಯಾಡು ಡಿಸ್ಕಿಗೆ ಹೊಂದ್ಕೊಳೋಕೆ ಅದು ಬೇಕು. ಭಾನುವಾರ ಅಪ್ಪಯ್ಯನ್ನ ಕರ್ಕೊಂಡು ಮತ್ತೆ ಘಾಟಿ ಇಳಿದೆ. ಸೋಮೇಶ್ವರದಲ್ಲಿ ನಿಲ್ಸಿದ ತಕ್ಷಣ ನಾನಿನ್ನೂ ಬೆಲ್ಟ್ ಬಿಚ್ಚೋದ್ರೊಳಗೆ ಅವ್ರು ಹಿಂದೆ ಹೋಗಿ ಎರಡೂ ಚಕ್ರದ ಹತ್ರ ಒಂದೊಂದು ಕೈ ಹಿಡಿದು ನಿಂತಿದ್ರು. "ಎರಡೂ ಒಂದೇ ಇದೆ" ಅಂದ್ರು, ಕಾಫಿಗೆ ಹೋದ್ವಿ.